ನಮ್ಮ ಪೇಟೆಗೆ ರಾಜನನ್ನು ಕರೆತಂದವರು

ನಮ್ಮ ಹಿಸ್ಟರಿ ಮೇಷ್ಟ್ರು ತೀರಿಕೊಂಡಾಗ ಪೇಟೆಯಲ್ಲಿ ಸಂತಾಪ ಸಭೆ ನಡೆಯಿತು. ಮಾತಾಡಿದವರಲ್ಲಿ ಒಬ್ಬರು, ಮೇಷ್ಟ್ರ ಪೂರ್ವಿಕರು ಹಿಂದೆ ಯಾವುದೋ ಅರಮನೆಯಲ್ಲಿ ಆಸ್ಥಾನ ಪಂಡಿತರಾಗಿದ್ದರೆಂದು ಹೇಳಿದರು. ಇನ್ನೊಬ್ಬರು ಎದ್ದು, ಪಂಡಿತರಲ್ಲ, ಮಂತ್ರಿಗಳೇ ಆಗಿದ್ದರೆಂದು ತಿದ್ದಿದರು. ಮೇಷ್ಟ್ರ ತಂದೆ ಹೆತ್ತೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದು, ಮಳೆಗಾಲವಿಡೀ ಕಾಲಿನ ಜಿಗಣೆ ಕೀಳುತ್ತ ಕೂಲಿ ಲೈನಿನ ಆಳುಗಳ ಹಾಜರಿ ಹಾಕುತ್ತಿದ್ದವರು ಎಂಬುದು ಆ ಸಭೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಇಡೀ ಪೇಟೆಯ ಅಜ್ಜಂದಿರಿಗೆ ಪದವಿ ಹಂಚಿದ ಮನುಷ್ಯ. ಸತ್ತ ಮೇಲೆ ಅವರಿಗೂ ಒಂದು ಸಿಕ್ಕಿದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪೇಟೆಯವರಿಗೆ ಗುರುತು ಹತ್ತುವುದಿಲ್ಲ. ಅವರು ಎಲ್ಲರಿಗೂ ಹಿಸ್ಟರಿ ಮೇಷ್ಟ್ರು, ನಾನು ಲೆಕ್ಕದ ಮೇಷ್ಟ್ರು. ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದೇ ಬೆಂಚಿನ ಎರಡು ತುದಿಗಳಲ್ಲಿ ವರ್ಷಗಟ್ಟಲೆ ಕೂತವರು ನಾವು. ನಾನು ಸಾಧಿಸಿ ತೋರಿಸದ ಹೊರತು ಏನನ್ನೂ ಒಪ್ಪದವನು. ಅವರು, ಎದುರಿಗಿದ್ದವನು ಒಪ್ಪಿಬಿಟ್ಟರೆ ಸಾಧಿಸಿದಂತೆಯೇ ಲೆಕ್ಕ ಎಂದು ನಂಬಿದವರು. ನಮ್ಮಿಬ್ಬರ ಜಗಳಕ್ಕೆ ಅಷ್ಟು ಬಂಡವಾಳ ಧಾರಾಳವಾಗಿ ಸಾಕಾಗಿತ್ತು.

ಸಕಲೇಶಪುರಕ್ಕೂ ಆಲೂರಿಗೂ ನಡುವೆ, ಹೇಮಾವತಿ ಹೊಳೆಯ ದಂಡೆಯ ಮೇಲೆ ಕೂತಿರುವ ನಮ್ಮ ಪೇಟೆಯಲ್ಲಿ ಎಪ್ಪತ್ತರ ದಶಕದ ಆರಂಭಕ್ಕೆ ಒಂದು ಸಂತೆಮಾಳ ಇತ್ತು, ಒಂದು ಅಕ್ಕಿ ಗಿರಣಿ ಇತ್ತು, ಕಾಫಿ ಬೀಜ ಕೊಳ್ಳುವ ಎರಡು ಮಂಡಿಗಳಿದ್ದವು, ಮಳೆಗಾಲದಲ್ಲಿ ಕೆಟ್ಟು ಬೇಸಗೆಯಲ್ಲಿ ರಿಪೇರಿಯಾಗುವ ಒಂದು ಟೆಲಿಫೋನ್ ಇತ್ತು. ಇತಿಹಾಸ ಮಾತ್ರ ಇರಲಿಲ್ಲ. ಬೇಲೂರು ಹಳೇಬೀಡು ಇರುವ ಜಿಲ್ಲೆಯಲ್ಲೇ ಹುಟ್ಟಿಯೂ ನಮ್ಮ ಪಾಲಿಗೆ ಒಂದು ಮುಕ್ಕಾದ ಬಸವನೂ ಬಂದಿರಲಿಲ್ಲ. ಹಿಂದೆ ಸೇತುವೆ ಇಲ್ಲದ ಕಾಲದಲ್ಲಿ ಆಚೆ ದಡಕ್ಕೆ ಹೋಗುವ ಜನ ದೋಣಿಗೆ ಕಾಯುತ್ತ ಕೂರುತ್ತಿದ್ದರು. ಕೂತವರಿಗಾಗಿ ಒಬ್ಬ ಕಾಫಿ ಅಂಗಡಿ ಇಟ್ಟ, ಅವನ ಪಕ್ಕ ಇನ್ನೊಬ್ಬ ಬೀಡಿ ಅಂಗಡಿ ಇಟ್ಟ, ಬರಬರುತ್ತ ಊರಾಯಿತು. ಹೊಳೆಯ ಅಂಚಿನಲ್ಲಿ ದೋಣಿ ನಡೆಸುವವರ ಇಪ್ಪತ್ತು ಮೂವತ್ತು ಮನೆಗಳ ದೋಣಿ ಬೀದಿ ಇತ್ತು. ಪೇಟೆ ಹುಟ್ಟಿದ್ದೇ ಆ ಬೀದಿಯಿಂದ ಎಂದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಅದನ್ನು ಇತಿಹಾಸ ಅಂತ ಯಾರೂ ಕರೆಯುತ್ತಿರಲಿಲ್ಲ.

ಮೇಷ್ಟ್ರು ಇಲ್ಲಿಗೆ ವರ್ಗವಾಗಿ ಬಂದ ಮೊದಲ ವಾರವೇ ಈ ಕೊರತೆಯನ್ನು ಕಂಡುಹಿಡಿದರು. ಸದಾ ಮಳೆ ಸುರಿಯುವ ಹೆತ್ತೂರಿನವರಾದ್ದರಿಂದ ಕೊಡೆಯಿಲ್ಲದೆ ಮನೆಯಿಂದ ಹೊರಬೀಳುವ ಅಭ್ಯಾಸವಿರಲಿಲ್ಲ. ಉರಿಯುವ ಬಿಸಿಲಲ್ಲೂ ಕರೀ ಕೊಡೆ ಹಿಡಿದೇ ತಿರುಗುವರು. ದಾರಿಯಲ್ಲಿ ಸಿಕ್ಕ ಪ್ರತಿ ಕಲ್ಲನ್ನೂ ಕೊಡೆಯ ತುದಿಯಿಂದ ಮೀಟಿ ನೋಡುವರು, ಹಿಂದೆ ಸರಿದು ಕಣ್ಣು ಕಿರಿದು ಮಾಡುವರು, ಆಮೇಲೆ ಮೆಲ್ಲಗೆ, "ಇದು ಸಾಮಾನ್ಯ ಕಲ್ಲಲ್ಲ," ಎನ್ನುವರು. ನಾನು ನೋಡಿದ ಮಟ್ಟಿಗೆ ಅವರ ಕೈಯಲ್ಲಿ ಸಾಮಾನ್ಯ ಅನ್ನಿಸಿಕೊಂಡ ಕಲ್ಲು ಒಂದೂ ಇಲ್ಲ.

ಬಸ್ ಸ್ಟ್ಯಾಂಡಿನ ಹೋಟೆಲಿನ ಒರಳುಕಲ್ಲಿನ ಕಥೆಯನ್ನು ಹೇಳಲೇಬೇಕು. ಹಿತ್ತಿಲಲ್ಲಿ ಕೈ ತೊಳೆಯಲು ಹೋದ ಮೇಷ್ಟ್ರ ಕಣ್ಣಿಗೆ ಅದರ ಅಂಚಿನಲ್ಲಿ ಒಂದು ಗೀರು ಬಿತ್ತು. ಗೀರು ಹೂವಾಯಿತು, ಹೂವು ಕಮಲವಾಯಿತು, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಒರಳು ಹೊಯ್ಸಳರ ಕಾಲದ ಒಂದು ಕಂಬದ ಪೀಠವಾಗಿತ್ತು. ಹೋಟೆಲಿನ ಭಟ್ಟರು ಕೆನ್ನೆ ಕೆನ್ನೆ ಬಡಿದುಕೊಂಡು, ಅಷ್ಟು ವರ್ಷ ಅದರಲ್ಲಿ ಉದ್ದು ರುಬ್ಬಿದ ಪಾಪಕ್ಕೆ ಅರಿಸಿನ ಕುಂಕುಮ ಹಚ್ಚಿ ಕೂರಿಸಿದರು. ರುಬ್ಬಲು ಹೊಸ ಒರಳು ತಂದರು. ಹೊಸ ಒರಳಿನ ಇಡ್ಲಿಯಲ್ಲಿ ಆರು ತಿಂಗಳು ಮರಳು ಬರುತ್ತಿತ್ತು. ಮಾರನಹಳ್ಳಿಯ ಘಟ್ಟ ಹತ್ತಿ ಬರುವ ಲಾರಿ ಡ್ರೈವರುಗಳು ಇಡ್ಲಿ ಬಿಟ್ಟು ಪೂರಿ ತಿನ್ನಲು ಕಲಿತರು. ಈ ಕುರಿತು ನಾನು ಮೇಷ್ಟ್ರನ್ನು ಕೇಳಿದರೆ, ಪರಂಪರೆ ಉಳಿಸಿಕೊಳ್ಳುವಾಗ ಹಲ್ಲಿಗೆ ಸ್ವಲ್ಪ ತೊಂದರೆಯಾಗುವುದು ಸಹಜ ಎಂದರು.

ಆಧಾರ ಎಲ್ಲಿ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಕನಿಕರ ಬರುತ್ತಿತ್ತು. "ಆಧಾರ ಇಲ್ಲ ಅಂದ್ರೆ ನಡೆದಿಲ್ಲ ಅಂತಲ್ಲ ಕಣ್ರೀ ಲೆಕ್ಕದ ಮೇಷ್ಟ್ರೇ. ನಿಮ್ಮ ಮುತ್ತಜ್ಜ ಇದ್ದ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ ಆಧಾರ?" ಎನ್ನುವರು.

ಇಷ್ಟೆಲ್ಲ ಅಂದಮೇಲೆ ಇದನ್ನೂ ಹೇಳಬೇಕು. ಪಾಠ ಮಾಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ನನ್ನ ತರಗತಿಯಲ್ಲಿ ಆಕಳಿಸಿದ ಮಕ್ಕಳೇ ಅವರ ತರಗತಿಯಲ್ಲಿ ಬಾಯಿ ತೆರೆದು ಕೂರುತ್ತಿದ್ದವು. ಕೋಟೆ ಮುತ್ತಿಗೆಯ ಪಾಠವಿದ್ದ ದಿನ ಡೆಸ್ಕುಗಳನ್ನೆಲ್ಲ ಗೋಡೆಗೆ ಒಟ್ಟಿ, ಹುಡುಗರನ್ನು ಎರಡು ಸೈನ್ಯ ಮಾಡಿ, ತಾವು ಕೊಡೆ ಎತ್ತಿ ಸೇನಾಪತಿಯಾಗುವರು. ಆ ಮಕ್ಕಳಿಗೆ ಪರೀಕ್ಷೆಯಲ್ಲಿ ಕಡಿಮೆ ಬಿದ್ದರೂ ರಾಜರ ಮೇಲೆ ಪ್ರೀತಿ ಹೋಗುತ್ತಿರಲಿಲ್ಲ. ಅವರು ಯಾರಿಂದಲೂ ಏನನ್ನೂ ಬಯಸಿದವರಲ್ಲ. ಒಬ್ಬ ಬಡವನ ಮುಖದಲ್ಲಿ, ತನ್ನ ಅಜ್ಜನೂ ಯಾರೋ ಆಗಿದ್ದ ಎಂಬ ಗೆಲುವು ಕಂಡರೆ ಸಾಕು, ಆ ದಿನ ಅವರಿಗೆ ಹೊಟ್ಟೆ ತುಂಬುತ್ತಿತ್ತು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು, ಸಲಿಗೆಯಿತ್ತು, ಈಗ ಹೇಳಬಹುದಾದರೆ ಪ್ರೀತಿಯೂ ಇತ್ತು.

ಅಷ್ಟರಲ್ಲಿ ಕೆಳಗಡೆ ಹೇಮಾವತಿಗೆ ಕಟ್ಟುತ್ತಿದ್ದ ಅಣೆಕಟ್ಟಿನ ಕೆಲಸ ಜೋರಾಯಿತು. ಅಣೆಕಟ್ಟಿನ ಕೀರ್ತಿ ಕೆಳಗಿನವರಿಗೆ, ನೀರು ಇನ್ನೂ ಕೆಳಗಿನವರಿಗೆ. ನಮ್ಮ ಕಡೆಯ ಪಾಲಿಗೆ ಹಿನ್ನೀರು. ಆದರೂ ಜೀಪುಗಳು ಬರತೊಡಗಿದವು, ಇಂಜಿನಿಯರುಗಳು ಬಂದರು, ದೊಡ್ಡವರು ಬರುತ್ತಾರೆಂದು ಸುದ್ದಿಯಾಯಿತು. ಗಿರಣಿ ಯಜಮಾನರ ಅಧ್ಯಕ್ಷತೆಯಲ್ಲಿ ಸ್ವಾಗತ ಸಮಿತಿ ಹುಟ್ಟಿತು. ಬಂದವರಿಗೆ ಹಾರ, ಎಳನೀರು, ಒಂದು ತಟ್ಟೆ ಚೌಚೌ ಕೊಡಬಹುದು. ಆದರೆ ಇದು ಯಾವ ಊರು, ಇಲ್ಲಿ ಏನು ವಿಶೇಷ ಎಂದು ಕೇಳಿದರೆ ಏನು ಹೇಳುವುದು? ಅಧ್ಯಕ್ಷರು ಮೇಷ್ಟ್ರನ್ನು ಕರೆಸಿದರು. ಊರಿನ ಇತಿಹಾಸ ಬರೆದುಕೊಡಿ, ಸಕಲೇಶಪುರದ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸೋಣ ಎಂದರು. ಮೇಷ್ಟ್ರು ಬೇಸಗೆ ರಜದಲ್ಲಿ ಊರಿಗೂ ಹೋಗದೆ ಬರೆದು ಮುಗಿಸಿದರು.

ಮೂವತ್ತೆರಡು ಪುಟದ ಆ ಪುಸ್ತಿಕೆಯಲ್ಲಿ ಮೊದಲ ಬಾರಿಗೆ ನಮ್ಮ ಪೇಟೆಗೆ ಒಬ್ಬ ರಾಜ ಬಂದ. ಯಾವ ವಂಶ ಎಂದು ಸ್ಪಷ್ಟವಿಲ್ಲ, ಎಲ್ಲಿಂದ ಬಂದ ಎಂಬುದೂ ಇಲ್ಲ. ಬೇಟೆಗೆ ಬಂದವನು ಹೊಳೆಯ ಚೆಲುವಿಗೆ ಮನಸೋತು ಇಲ್ಲೇ ಬೇಸಗೆ ಕಳೆಯುತ್ತಿದ್ದನಂತೆ. ರಾಜ ಬಂದ ಮೇಲೆ ಪರಿವಾರ ಬೇಕಲ್ಲ. ಗಿರಣಿ ಅಧ್ಯಕ್ಷರ ಮುತ್ತಜ್ಜ ದಳವಾಯಿಯಾದರು. ಆನೇಮಹಲ್ ಕಡೆಯಿಂದ ಎರಡು ತಲೆಮಾರಿನ ಹಿಂದೆ ಬಂದ ಜವಳಿ ಅಂಗಡಿಯವರು ಭಂಡಾರದ ಅಧಿಕಾರಿಗಳಾದರು. ಕಾಫಿ ಮಂಡಿಯ ಪೊರ್ಬುಗಳು, ಅಂದರೆ ಕೊಂಕಣಿ ಕ್ರೈಸ್ತರು, ಮಂಗಳೂರಿನಿಂದ ಘಟ್ಟ ಹತ್ತಿ ಬಂದದ್ದು ಅವರ ಅಪ್ಪನ ಕಾಲದಲ್ಲಿ, ಅದೂ ಬಸ್ಸಿನಲ್ಲಿ. ಅವರು ನಗುತ್ತ, ತಮಗೆ ರಾಜನ ಸಹವಾಸ ಬೇಡ, ಏಸುವಿನದ್ದೇ ಸಾಕು ಎಂದರೂ ಮೇಷ್ಟ್ರು ಬಿಡಲಿಲ್ಲ. ಕಡಲ ತೀರದಿಂದ ಎತ್ತುಗಳ ಮೇಲೆ ಮುತ್ತು ಹೇರಿಕೊಂಡು ಬಂದ ವರ್ತಕರೆಂದು ಬರೆದರು. ಆ ಕ್ರಿಸ್‌ಮಸ್ಸಿಗೆ ಮೇಷ್ಟ್ರ ಮನೆಗೆ ಹೋದ ಕುಸ್ವಾರ್ ತಿಂಡಿಗಳ ತಟ್ಟೆಯಲ್ಲಿ ಕಲ್‌ಕಲ್, ಅಕ್ಕಿ ಲಾಡು ಎರಡು ಪಾಲು ಹೆಚ್ಚಿದ್ದವು.

ದೋಣಿ ಬೀದಿಗೆ ಮಾತ್ರ ಅದರಲ್ಲಿ ಜಾಗ ಸಿಗಲಿಲ್ಲ. ಮೇಷ್ಟ್ರು ಮೊದಲು ಅವರ ಬಗ್ಗೆಯೂ ಒಂದು ಪುಟ ಬರೆದಿದ್ದರು, ನಾನೇ ಓದಿದ್ದೇನೆ. ಅಧ್ಯಕ್ಷರು ಅದನ್ನು ನೋಡಿ ಮುಖ ಹಿಂಡಿದರಂತೆ. ಬಲೆ ಒಣಹಾಕಿದ ಬೀದಿಯಿಂದ ನಮ್ಮ ಊರು ಹುಟ್ಟಿತು ಎಂದು ಬಂದವರ ಕೈಗೆ ಹಾರದ ಜೊತೆ ಕೊಡಲಾಗುತ್ತದೆಯೇ, ಮೀನಿನ ವಾಸನೆ ಇತಿಹಾಸಕ್ಕೂ ಹತ್ತಬೇಕೇ ಎಂದರಂತೆ. ಮೇಷ್ಟ್ರು ಆ ಪುಟ ಕಿತ್ತು, ಹೊಳೆಯ ದಡದಲ್ಲಿದ್ದ ನಾಲ್ಕು ಕಲ್ಲು ಮೆಟ್ಟಿಲುಗಳನ್ನು ರಾಜಘಟ್ಟ ಎಂದು ಕರೆದು, ಅಲ್ಲಿ ರಾಜ ಸ್ನಾನ ಮಾಡುತ್ತಿದ್ದನೆಂದೂ ಸುತ್ತಮುತ್ತ ಜನವಸತಿಗೆ ಅಪ್ಪಣೆ ಇರಲಿಲ್ಲವೆಂದೂ ಬರೆದರು. ಆ ಮೆಟ್ಟಿಲುಗಳನ್ನು ಕಟ್ಟಿದ್ದು ದೋಣಿಯವರು, ಮಳೆಗಾಲದಲ್ಲಿ ಹತ್ತುವವರ ಕಾಲು ಜಾರದಿರಲಿ ಎಂದು. ಹೀಗೆ ಬರೆಯಬಾರದಿತ್ತು ಎಂದು ಅವತ್ತು ನಾನು ಮೇಷ್ಟ್ರಿಗೆ ಹೇಳಿದಾಗ, ಒಂದು ಸಾಲಿನಿಂದ ಯಾರ ಮನೆ ಹಾಳಾಗುತ್ತದೆ ಹೇಳಿ ಮಾರಾಯರೇ ಎಂದು ನಕ್ಕರು.

ಯಾರ ಮನೆ ಎಂದು ತಿಳಿಯಲು ಮೂರು ನಾಲ್ಕು ವರ್ಷ ಹಿಡಿಯಿತು.

ಅಣೆಕಟ್ಟು ಏಳುತ್ತಿದ್ದಂತೆ ಹಿನ್ನೀರಿನ ಮಟ್ಟಕ್ಕೆ ಗಡಿಕಲ್ಲು ನೆಟ್ಟುಕೊಂಡು ಬಂದರು. ಪೇಟೆಯ ಮೇಲ್ಭಾಗಕ್ಕೆ ಏನೂ ಆಗುವಂತಿರಲಿಲ್ಲ. ದೋಣಿ ಬೀದಿ ಪೂರ್ತಿ ಮುಳುಗುವುದಿತ್ತು. ಮನೆ ಕಳೆದುಕೊಳ್ಳುವವರಿಗೆ ದಿಬ್ಬದ ಮೇಲೆ ನಿವೇಶನ ಕೊಡುತ್ತೇವೆಂದು ಹೇಳಿ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ದೋಣಿ ಬೀದಿಯ ಮನೆಗಳಿದ್ದದ್ದು ಹೊಳೆದಂಡೆಯ ಸರ್ಕಾರಿ ಜಾಗದಲ್ಲಿ. ಯಾರ ಹೆಸರಿಗೂ ಪತ್ರವಿರಲಿಲ್ಲ. ಅಣೆಕಟ್ಟಿನ ಸುದ್ದಿ ಕೇಳಿ, ನಿವೇಶನದ ಆಸೆಗೆ ಎಲ್ಲೆಲ್ಲಿಂದಲೋ ಬಂದು ದಂಡೆಯ ಮೇಲೆ ಸೋಗೆ ಗುಡಿಸಲು ಹಾಕಿಕೊಂಡವರೂ ಇದ್ದರು. ಇವರಲ್ಲಿ ಹಳಬರು ಯಾರು, ಹೊಸಬರು ಯಾರು? ಸಾಹೇಬರು ಕೆಟ್ಟವರಲ್ಲ. ಓದುವ ಅಭ್ಯಾಸವಿದ್ದವರು, ಅದೇ ತೊಂದರೆಯಾಯಿತು. ಬಂದ ದಿನ ಸ್ವಾಗತ ಸಮಿತಿಯವರು ಹಾರದ ಜೊತೆ ಕೊಟ್ಟ ಪುಸ್ತಿಕೆಯನ್ನು ಪ್ರವಾಸಿ ಮಂದಿರದಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಓದಿದ್ದರು.

ದೋಣಿ ಬೀದಿಯ ಪರವಾಗಿ ಮಾತಾಡಲು ಹೋದವಳು ಪುಟ್ಟತಾಯಮ್ಮ. ಅಪ್ಪನ ನಂತರ ದೋಣಿಯ ಹುಟ್ಟು ಹಿಡಿದವಳು. ಗಂಡ ಹೋದ ಮೇಲೆ ಮಗ ನಂಜುಂಡನನ್ನು ದೋಣಿಯಲ್ಲೇ ಮಲಗಿಸಿ ಬೆಳೆಸಿದವಳು. ಸೇತುವೆಯಾದ ಮೇಲೂ ಆಚೆ ದಡದ ಹಳ್ಳಿಯವರಿಗೆ ಅವಳ ದೋಣಿಯೇ ಹತ್ತಿರದ ದಾರಿ. ಸುಗ್ಗಿಯಲ್ಲಿ ಅವರೆಲ್ಲ ದೋಣಿ ಕೂಲಿಯೆಂದು ಅವಳ ಮನೆಗೆ ಭತ್ತ ತಂದು ಸುರಿಯುವ ವಾಡಿಕೆ ಇತ್ತು. ಅವಳು ತನ್ನ ಅಜ್ಜ, ಅಪ್ಪ ಎಲ್ಲ ಅಲ್ಲೇ ಹುಟ್ಟಿ ಸತ್ತರೆಂದು ಹೇಳಿದಾಗ ಸಾಹೇಬರು ಪುಸ್ತಿಕೆ ತೆರೆದು ತೋರಿಸಿದರು. ನಿಮ್ಮ ಊರಿನವರೇ ಬರೆಸಿದ ಇತಿಹಾಸವಮ್ಮ, ಅಲ್ಲಿ ಹಿಂದಿನಿಂದಲೂ ಮನೆಗಳೇ ಇರಲಿಲ್ಲ ಎಂದಿದೆ, ನೀವೂ ಈಚೆಗೆ ಬಂದವರೇ ಇರಬೇಕು ಎಂದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಅವಳು ಸ್ಕೂಲಿಗೆ ಬಂದಳು. ಅತ್ತು ಕರೆಯಲಿಲ್ಲ, ಬೈಯಲೂ ಇಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಅದ್ನ ನೀವೇ ಬರ್ದಿದ್ದಂತಲ್ಲ ಮೇಷ್ಟ್ರೇ, ನೀವೇ ಹೋಗಿ ಸುಳ್ಳು ಅಂತ ಹೇಳ್ಬುಡಿ. ಇಲ್ದಿದ್ರೆ ನಮ್ ಬೀದಿ ಮಕ್ಳುಮರಿ ನೀರಿಗೆ ಬೀಳ್ತಾವೆ," ಎಂದಳು. ಇಷ್ಟು ಹೇಳಿ ಹೊರಟುಹೋದಳು. ಮೇಷ್ಟ್ರು ಆ ದಿನ ಯಾವ ತರಗತಿಗೂ ಹೋಗಲಿಲ್ಲ. ಬೆಂಚಿನ ತಮ್ಮ ತುದಿಯಲ್ಲಿ ಕೂತೇ ಇದ್ದರು.

ಅವರು ಹೋಗಲಾರರು ಎಂದುಕೊಂಡಿದ್ದೆ. ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಸಾಹೇಬರ ಮುಂದೆ ಕೈಕಟ್ಟಿ ನಿಂತು, ರಾಜನೂ ಇಲ್ಲ ಘಟ್ಟವೂ ಇಲ್ಲ, ದೋಣಿ ಬೀದಿಯೇ ಈ ಊರಿನ ಮೊದಲ ಬೀದಿ, ಉಳಿದದ್ದು ನಾನು ಕಟ್ಟಿದ ಕಥೆ ಎಂದರು. ಆ ಮನುಷ್ಯ ಅಷ್ಟು ಚಿಕ್ಕ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ದಿನ ಸುಳ್ಳು ಬರೆದವರು ಇವತ್ತು ನಿಜ ಹೇಳ್ತಿದ್ದೀರಿ ಅಂತ ನಾನು ಹೇಗೆ ತಿಳೀಲಿ ಮೇಷ್ಟ್ರೇ? ಅದು ಅಚ್ಚಾಗಿದೆ. ಇದು ಬರೀ ಬಾಯಿಮಾತು," ಎಂದರು. ಪಕ್ಕದಲ್ಲೇ ಕೂತಿದ್ದ ಗಿರಣಿ ಅಧ್ಯಕ್ಷರು, ಆ ಬೀದಿಯವರು ಮೇಷ್ಟ್ರ ಮೇಲೆ ಒತ್ತಡ ಹಾಕಿದ್ದಾರೆ, ಇವರು ಪಾಪ ಸಾಧು ಜನ ಎಂದು ಸೇರಿಸಿದರು. ಹೊರಗೆ ಬಂದ ಮೇಲೆ ಸಾಧು ಜನರನ್ನು ತರಾಟೆಗೆ ತೆಗೆದುಕೊಂಡರು. ರಾಜ ಸುಳ್ಳಾದರೆ ದಳವಾಯಿ ಏನಾದ, ಮಗಳ ಲಗ್ನಪತ್ರಿಕೆಯಲ್ಲಿ ದಳವಾಯಿ ವಂಶಸ್ಥರು ಅಂತ ಹಾಕಿಸಿದ್ದೇನೆ, ಬೀಗರಿಗೆ ಏನು ಮುಖ ತೋರಿಸಲಿ ಎಂದು ಕೂಗಾಡಿದರು. ಸಂಜೆಯೊಳಗೆ ಜವಳಿ ಅಂಗಡಿಯ ಭಂಡಾರದ ಅಧಿಕಾರಿಗಳೂ ಬಂದು ಕೂಗಾಡಿ ಹೋದರು. ಒರಳಿಗೆ ದಿನಾ ಹೂವಿಡುತ್ತಿದ್ದ ಭಟ್ಟರು ಮೇಷ್ಟ್ರಿಗೆ ಕಾಫಿ ಕೊಡುವಾಗ ಮುಖ ತಿರುಗಿಸಿದರು. ಇಡೀ ಪೇಟೆಯಲ್ಲಿ ರಾಜನನ್ನು ಬಿಟ್ಟುಕೊಡಲು ತಯಾರಿದ್ದವರು ಮಂಡಿಯ ಪೊರ್ಬುಗಳು ಮಾತ್ರ.

ಎರಡು ದಿನ ಮೇಷ್ಟ್ರು ರಜೆ ಹಾಕಿದರು. ಮೂರನೆಯ ದಿನ ನನ್ನ ಮನೆಗೆ ಬಂದಾಗ ಕಣ್ಣು ಹೊಳೆಯುತ್ತಿದ್ದವು. ನನಗೆ ಆ ಹೊಳಪಿನ ಪರಿಚಯವಿತ್ತು. "ರಾಜ ಸ್ನಾನಕ್ಕೆ ಒಬ್ಬನೇ ಬರ್ತಿದ್ನೇನ್ರೀ? ಬಟ್ಟೆ ಹಿಡಿಯೋರು ಬೇಡ್ವಾ, ಕಾಲು ತೊಳೆಯೋರು ಬೇಡ್ವಾ?" ಎಂದರು. ರಾಜನನ್ನು ಊರಿನಿಂದ ಓಡಿಸಲು ಆಗುವುದಿಲ್ಲ, ಹಾಗಿದ್ದಮೇಲೆ ಅವನಿಂದಲೇ ಕೆಲಸ ಮಾಡಿಸಿಕೊಳ್ಳಬೇಕು ಎಂದರು. ನಾನು ತಡೆಯಲು ಹೋಗಲಿಲ್ಲ. ಸತ್ಯದ ಗತಿ ಏನಾಯಿತೆಂದು ಅವರ ಪಕ್ಕದಲ್ಲೇ ನಿಂತು ನೋಡಿದ್ದೆನಲ್ಲ.

ವಾರದೊಳಗೆ ಪುಸ್ತಿಕೆಯ ಪರಿಷ್ಕೃತ ಮುದ್ರಣ ಬಂತು. ಅದರಲ್ಲಿ ಹೊಸದಾಗಿ ಒಂದು ಪುಟ. ರಾಜಘಟ್ಟದಲ್ಲಿ ಅರಸನ ಪಾದ ತೊಳೆಯುವ ಸೇವೆಗೆ ನೇಮಕವಾದ ಮನೆತನಗಳಿಗೆ ದಂಡೆಯ ಮೇಲೆ ವಾಸಿಸಲು ಅರಸನೇ ಅಪ್ಪಣೆ ಕೊಟ್ಟಿದ್ದನಂತೆ. ಅವರ ವಂಶದವರೇ ಇಂದಿನ ದೋಣಿ ಬೀದಿಯವರಂತೆ. ಅಧ್ಯಕ್ಷರಿಗೆ ಇದು ಬಲು ಹಿಡಿಸಿತು. ದಳವಾಯಿಗೆ ಧಕ್ಕೆಯಿಲ್ಲ, ಕಾಲು ತೊಳೆಯುವವರು ಕಾಲ ಹತ್ತಿರವೇ ಇದ್ದಾರೆ. ಅಚ್ಚಿನ ಖರ್ಚನ್ನು ಅವರೇ ವಹಿಸಿಕೊಂಡರು.

ಸಾಹೇಬರು ಪುಟ ಓದಿದರು, ಪುಟ್ಟತಾಯಮ್ಮನನ್ನು ಕರೆಸಿದರು. ಅವಳು ಮಗನ ಜೊತೆ ಬಂದು ನಿಂತಳು. ಕೋಣೆಯ ತುಂಬ ಜನ. ನಿಮ್ಮ ಹಿರಿಯರು ಇಲ್ಲಿ ಏನು ಮಾಡುತ್ತಿದ್ದರು, ಇದರಲ್ಲಿ ಬರೆದಂತೆ ರಾಜರ ಕಾಲು ತೊಳೆಯುತ್ತಿದ್ದರೇ ಎಂದು ಸಾಹೇಬರು ಕೇಳಿದರು. ಮೇಷ್ಟ್ರು ಮೊದಲೇ ಹೇಳಿಕೊಟ್ಟಿದ್ದರು. ಹೌದು ಎಂದರೆ ಬೀದಿಗೆ ಬೀದಿಯೇ ದಿಬ್ಬ ಸೇರುತ್ತದೆ, ಇಲ್ಲವೆಂದರೆ ಯಾರಿಗೂ ಏನೂ ಇಲ್ಲ. ಅವಳು ನೆಲ ನೋಡಲಿಲ್ಲ, ಕಿಟಕಿಯಿಂದ ಹೊಳೆಯ ಕಡೆ ನೋಡಿದಳು. ಸಾಹೇಬರು ಇನ್ನೊಮ್ಮೆ ಕೇಳಬೇಕಾಯಿತು. ಆಗ, "ಹೂಂ. ತೊಳೀತಿದ್ರು," ಎಂದಳು. ಸಾಹೇಬರು ಬರೆದುಕೊಂಡರು. ಅವರ ಮುಖದಲ್ಲೂ ನೆಮ್ಮದಿ ಕಂಡಿತು. ಅವರಿಗೂ ಕೊಡುವ ಮನಸ್ಸಿತ್ತು, ಲಗತ್ತಿಸಲು ಒಂದು ಅಚ್ಚಾದ ಪುಟ ಬೇಕಿತ್ತು ಅಷ್ಟೆ.

ಮೆಟ್ಟಿಲಿಳಿದು ಬರುವಾಗ ಮೇಷ್ಟ್ರು ಖುಷಿಯಿಂದ ಏನೋ ಹೇಳಹೋದರು. ಅವಳು ತಡೆದಳು. "ನಮ್ಮಪ್ಪ ಯಾರ್ ಕಾಲೂ ತೊಳ್ದೋನಲ್ಲ ಮೇಷ್ಟ್ರೇ. ಕಾಸು ಕೊಡಾಕಿಲ್ಲ ಅಂದ ಅಮಲ್ದಾರನ್ನ ನಡುಹೊಳೆ ಬಂಡೆ ಮ್ಯಾಲೆ ಇಳ್ಸಿ ಬಂದ್ಬುಟ್ಟಿದ್ದ. ನಿಮ್ ರಾಜ ಬಂದಿದ್ರೂ ಅವನ ಕೈಲಿ ಕಾಸು ಇಸ್ಕೊಂಡೇ ದೋಣಿ ಹತ್ತುಸ್ಕಂತಿದ್ದ," ಎಂದಳು. ಎಷ್ಟೋ ವರ್ಷ ಪೇಟೆಯ ಕಲ್ಲುಗಳನ್ನೆಲ್ಲ ಮೀಟಿದ ಮನುಷ್ಯ, ಅಮಲ್ದಾರನನ್ನು ಬಂಡೆಯ ಮೇಲೆ ಇಳಿಸಿದ ಆ ಅಪ್ಪನ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಆ ಸಂಜೆ ನಡೆದು ಹೋಗುವಾಗ, ಅದೊಂದೇ ಸಾಕಾಗಿತ್ತಲ್ಲರೀ ಒಂದು ಪುಸ್ತಕಕ್ಕೆ ಎಂದು ತಮಗೆ ತಾವೇ ಹೇಳಿಕೊಂಡರು.

ನೀರು ಬಂತು. ಮೆಟ್ಟಿಲು, ದೋಣಿ ಕಟ್ಟುತ್ತಿದ್ದ ಗಂಡಿ, ಬೀದಿ ಎಲ್ಲ ಒಳಗೆ ಹೋದವು. ದಿಬ್ಬದ ಮೇಲೆ ಅಚ್ಚುಕಟ್ಟಾದ ನಿವೇಶನಗಳಾದವು. ಮೂಲೆಯಲ್ಲಿ ರಾಜಘಟ್ಟ ಬಡಾವಣೆ ಎಂದು ಬೋರ್ಡು ನಿಂತಿತು. ಅಲ್ಲಿಂದ ಹೊಳೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಆಚೆ ದಡದ ಹಳ್ಳಿಗಳೂ ಎದ್ದುಹೋಗಿದ್ದರಿಂದ ದೋಣಿ ಹತ್ತುವವರಿಲ್ಲ, ಸುಗ್ಗಿಗೆ ಭತ್ತ ತರುವವರೂ ಇಲ್ಲ. ಗಂಡಸರು ಎಸ್ಟೇಟುಗಳಿಗೆ ಕಾಫಿ ಕೊಯ್ಲಿಗೆ ಹೋದರು, ಕೆಲವರು ಅಧ್ಯಕ್ಷರ ಗಿರಣಿಯಲ್ಲೇ ಮೂಟೆ ಹೊತ್ತರು. ಮೇಷ್ಟ್ರು ಆ ಮೇಲೆ ಒಂದು ಸಾಲು ಇತಿಹಾಸವನ್ನೂ ಬರೆಯಲಿಲ್ಲ. ಯಾರಾದರೂ ತಮ್ಮ ಅಜ್ಜನ ಬಗ್ಗೆ ಕೇಳಿಕೊಂಡು ಬಂದರೆ, ನಿಮ್ಮ ಅಜ್ಜಿಯನ್ನೇ ಕೇಳಿ ಎಂದು ಕಳಿಸುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೇಷ್ಟ್ರು ನಿವೃತ್ತರಾಗಿ ಪೇಟೆಯಲ್ಲೇ ನೆಲೆಸಿದ್ದರು. ಒಳ್ಳೆಯ ಮಳೆಯಾಗಿ ಜಲಾಶಯ ತುಂಬಿದ ಒಂದು ವರ್ಷ ನಮ್ಮ ಕಡೆಯೂ ಹೊಳೆಗೆ ಬಾಗಿನ ಕೊಡುವ ಕಾರ್ಯಕ್ರಮವಿಟ್ಟುಕೊಂಡರು. ಶಾಸಕರು ಬರುವವರಿದ್ದರು. ಊರಿಗೆ ಇತಿಹಾಸ ಕೊಟ್ಟವರೆಂದು ಮೇಷ್ಟ್ರನ್ನೂ ವೇದಿಕೆಗೆ ಕರೆದರು. ಹಿನ್ನೀರಿನ ಅಂಚಿನಲ್ಲಿ ಶಾಮಿಯಾನ, ಮೈಕು, ಮೊರದ ಬಾಗಿನ, ಎಲ್ಲ ಇತ್ತು. ಶಾಸಕರು ಕೂರುತ್ತಿದ್ದಂತೆ ಬಿಳಿ ಪಂಚೆ ಉಟ್ಟ ನಾಲ್ಕು ಜನ ಹಿತ್ತಾಳೆ ತಟ್ಟೆ, ತಂಬಿಗೆ ಹಿಡಿದು ಬಂದು ಅವರ ಕಾಲು ತೊಳೆಯತೊಡಗಿದರು. ಮೈಕಿನಲ್ಲಿ, ರಾಜರ ಕಾಲದಿಂದ ನಡೆದು ಬಂದ ಪಾದಸೇವೆಯನ್ನು ರಾಜಘಟ್ಟ ಬಡಾವಣೆಯ ಬಂಧುಗಳು ಈಗ ನೆರವೇರಿಸುತ್ತಿದ್ದಾರೆ ಎಂದು ಕೇಳಿಸಿತು. ಹಿಂದಿನ ವಾರ ಮೇಲಿನ ಬೀದಿಯ ಯುವಕರು ಈ ಸೇವೆ ತಮಗೂ ಬೇಕೆಂದು ಬಂದು ದೊಡ್ಡ ಜಗಳವಾಗಿತ್ತಂತೆ. ಬಡಾವಣೆಯವರು ಪುಸ್ತಿಕೆ ತೋರಿಸಿ ಹಕ್ಕು ಉಳಿಸಿಕೊಂಡರಂತೆ. ನಾನು ಸಭೆಯ ಮುಂದಿನ ಸಾಲಿನಲ್ಲಿ, ವೇದಿಕೆಯ ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಇದ್ದೆ.

ತಂಬಿಗೆ ಸಾಲಿನಲ್ಲಿ ಸರಿಯುತ್ತ ಮೇಷ್ಟ್ರ ಮುಂದೆ ಬಂತು. ಹಿಡಿದವನು ಪುಟ್ಟತಾಯಮ್ಮನ ಮಗ ನಂಜುಂಡ, ಆಗ ಪಂಚಾಯಿತಿ ಮೆಂಬರ್. ಮೇಷ್ಟ್ರು ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅವತ್ತು ನಿಮ್ಮವ್ವನ ಪಕ್ಕದಲ್ಲೇ ನಿಂತಿದ್ದೆಯಲ್ಲೋ, ಇದು ನಾನು ಕಟ್ಟಿದ್ದು ಅಂತ ನಿನಗೆ ಗೊತ್ತಿಲ್ಲವೇನೋ ಎಂದು ಪಿಸುಗುಟ್ಟಿದರು. ನಂಜುಂಡ ತಲೆ ಎತ್ತದೆ, "ಗೊತ್ತೈತೆ ಸಾ. ಈಗ ಈ ಪೇಟೇಲಿ ನಮ್ ಬೀದಿಯೋರ್ನ ಮುಂದಕ್ಕೆ ಕರೆಯಾದು ಇದೊಂದುಕ್ಕೇಯ. ಕಾಲ್ ಕೊಡಿ," ಎಂದ. ಎಲ್ಲರೂ ನೋಡುತ್ತಿದ್ದರು, ಫೋಟೋದವನು ಕಾಯುತ್ತಿದ್ದ. ಮೇಷ್ಟ್ರು ಕಾಲು ಕೊಟ್ಟರು.

ಬಾಗಿನ ಬಿಡುವ ಹೊತ್ತಿಗೆ ಅವರು ವೇದಿಕೆಯಿಂದಿಳಿದು ದಿಬ್ಬದ ದಾರಿ ಹಿಡಿದಿದ್ದರು. ಚಪ್ಪಲಿ ಅಲ್ಲೇ ಬಿಟ್ಟಿದ್ದರು. ನಾನು ಎತ್ತಿಕೊಂಡು ಹಿಂದೆ ಓಡಿದೆ. ಪುಟ್ಟತಾಯಮ್ಮ ಮನೆಯ ಬಾಗಿಲಲ್ಲಿ ಕೂತಿದ್ದಳು. ಕಾರ್ಯಕ್ರಮಕ್ಕೆ ಅವಳು ಹೋಗಿರಲಿಲ್ಲ. ಮೇಷ್ಟ್ರು ಅಂಗಳದಲ್ಲಿ ನಿಂತು ಏನೋ ಹೇಳಲು ನೋಡಿದರು, ತಪ್ಪಾಯಿತು ಎನ್ನುವಂಥದ್ದೇ ಇರಬೇಕು. ಅವಳು ಅವರ ಮುಖವನ್ನು ನೋಡಲಿಲ್ಲ. ದಾರಿಯ ಕೆಂಪು ಮಣ್ಣು ಮೆತ್ತಿಕೊಂಡ ಒದ್ದೆ ಕಾಲುಗಳನ್ನು ನೋಡಿದಳು.

"ನಿಮ್ದೂ ತೊಳುದ್ನಾ ನನ್ ಮಗ?" ಎಂದು ಕೇಳಿದಳು. ಮೇಷ್ಟ್ರು ತಲೆ ಆಡಿಸಿದರು. ಅವಳು ಎದ್ದು ಒಳಗಿಂದ ಒಂದು ಹಳೆಯ ಸೀರೆ ತುಂಡು ತಂದು ಜಗಲಿಯ ಮೇಲೆ ಹಾಕಿದಳು.

"ತೊಳೆಯಾಕೆ ನಿಮಗೆ ಜನ ಸಿಕ್ಕವ್ರೆ ಮೇಷ್ಟ್ರೇ. ಒರುಸ್ಕಳಾದು ನೀವೇ ಒರುಸ್ಕಳಿ."

ಮೇಷ್ಟ್ರು ಜಗಲಿಯ ಮೇಲೆ ಕೂತು, ಬಟ್ಟೆ ತೆಗೆದುಕೊಂಡು ಎರಡೂ ಕಾಲು ಒರೆಸಿಕೊಂಡರು. ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದರು.